ರೊಟ್ಟಿ ಮನೆಯ ಚಿಮಣಿ

ಅಡುಗೆಮನೆಯ ಚಿಮಣಿಯನ್ನು ಸ್ವಚ್ಛ ಮಾಡಿಸಲು ಎಷ್ಟು ಕೊಡಬೇಕೆಂದು ಯಾರಾದರೂ ಕೇಳಿದರೆ ನಾನು ತಕ್ಷಣ ಉತ್ತರಿಸುವುದಿಲ್ಲ. ಬರೀ ಜಾಲರಿ ತೊಳೆಯುವುದಾದರೆ ಆರೇಳು ನೂರು, ಒಳಗಿನ ಫ್ಯಾನು ಬಿಚ್ಚಬೇಕಾದರೆ ಸಾವಿರದ ಮೇಲೆ, ಎಂದು ಹೇಳಿ ಮುಗಿಸಬಹುದು. ಆದರೆ ಇಷ್ಟನ್ನು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನಾನು ನಡೆದುಕೊಂಡ ರೀತಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಉಳಿದದ್ದನ್ನೆಲ್ಲ ಗದಗಿನ ವಾಚನಾಲಯದ ಬೆಂಚಿನ ಮೇಲೆ ಕುಳಿತು ಕಲಿತೆ. ಹೀಗೆ ಕಲಿತವರಿಗೆ ಒಂದು ಕಾಯಿಲೆಯಿರುತ್ತದೆ. ಬೇರೆಯವರು ಹೇಳಿದ್ದನ್ನು ಹಾಗೆಯೇ ಒಪ್ಪಿಬಿಟ್ಟರೆ ತಾವು ಪಟ್ಟ ಶ್ರಮವೆಲ್ಲ ನೀರುಪಾಲಾಯಿತೆಂದು ಅವರಿಗೆ ಅನ್ನಿಸುತ್ತದೆ. ಶಿರಹಟ್ಟಿಯ ಕಡೆ ಒಂದು ಹಳೆಯ ಗುಡಿಯನ್ನು ಒಂದೇ ರಾತ್ರಿಯಲ್ಲಿ ಕಟ್ಟಿದರೆಂದು ಪೂಜಾರಿ ಹೇಳಿದಾಗ, ಕಲ್ಲು ಹೇರಿದ ಬಂಡಿ ಎಷ್ಟು, ಎತ್ತು ಎಷ್ಟು ಎಂದು ಅಲ್ಲಿಯೇ ವಿಚಾರಿಸಿ, ಪ್ರಸಾದವಿಲ್ಲದೆ ಮರಳಿದವನು ನಾನು.

ಬೆಟಗೇರಿಯ ನಮ್ಮ ಮನೆಗೆ ಚಿಮಣಿ ಬಂದದ್ದು ನನ್ನ ಹೆಂಡತಿ ಶಾಂತವ್ವಳ ಉಬ್ಬಸದ ಕಾರಣದಿಂದ. ಹೊಗೆ ತಗಲಕೂಡದು ಎಂದರು ಡಾಕ್ಟರು. ರೊಟ್ಟಿ ಬಡಿಯುವುದನ್ನು ಬಿಡಲಾರೆ ಎಂದಳು ಅವಳು. ಇಬ್ಬರ ನಡುವಿನ ರಾಜಿಯಾಗಿ ಒಲೆಯ ಮೇಲಿನ ಗೋಡೆಗೆ, ಹೊಗೆಯನ್ನು ಎಳೆದು ಹೊರಗೆ ಬಿಡುವ ಆ ಉಕ್ಕಿನ ಯಂತ್ರ ಬಂದು ಕುಳಿತಿತು. ನಾನು ಹುಟ್ಟಿದ ಮಾಳಿಗೆ ಮನೆಯಲ್ಲಿ ಹೊಗೆಗೆ ಬೆಳಕಿಂಡಿಯೊಂದೇ ದಾರಿ. ಹೊರಗೆ ಹೋಗಲಾರದ ಹೊಗೆ ಜಂತೆಗಳಿಗೆ ಹತ್ತಿ, ಕಪ್ಪು ಇಲ್ಲಣವಾಗಿ ಜೋತಾಡುತ್ತಿತ್ತು. ವರ್ಷಕ್ಕೊಮ್ಮೆ ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ ಅದನ್ನು ಕೆಡವುತ್ತಿದ್ದರು. ಆ ಕೆಲಸಕ್ಕೆ ಯಾರೂ ದರ ಕೇಳಿದ್ದಿಲ್ಲ. ಅವ್ವ ಕೆಮ್ಮುತ್ತಿದ್ದಳು, ಕೆಮ್ಮುವುದು ಅಡುಗೆ ಮಾಡುವವರ ಸ್ವಭಾವವೆಂದು ನಾವೆಲ್ಲ ತಿಳಿದಿದ್ದೆವು.

ಚಿಮಣಿ ಎರಡನೆಯ ವರ್ಷಕ್ಕೆ ಸದ್ದು ಹೆಚ್ಚಿಸಿತು, ಕೆಲಸ ಕಡಿಮೆ ಮಾಡಿತು. ಅದನ್ನು ನೋಡಲು ಬಂದ ರಿಪೇರಿಯ ಇಮಾಮಸಾಬ ಜಾಲರಿಯ ಮೇಲೆ ಬೆರಳೆಳೆದು, ಆ ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿದ.

"ಇದು ರೊಟ್ಟಿ ಮನಿ ಐತ್ರಿ ಕಾಕಾರ. ಇದರ ರೇಟ್ ಬ್ಯಾರೆ. ಹದಿನೈದು ನೂರು ಆಗತೈತಿ."

"ರೊಟ್ಟಿ ತಿನ್ನೋರಿಗೆ ದಂಡ ಹಾಕ್ತೀಯೇನಪಾ?"

"ದಂಡ ಅಲ್ರಿ. ಎಣ್ಣಿ ಜಿಡ್ಡಿಗೆ ಜ್ವಾಳದ ಹಿಟ್ಟು ಹತ್ತಿದ್ರ ಸಿಮೆಂಟ್ ಆದಂಗ ಆಗತೈತಿ. ಫ್ಯಾನ್ ಬಿಚ್ಚಿ ಕೆರೀಬೇಕ್ರಿ. ಬರೇ ಅನ್ನ ಸಾರಿನ ಮನಿ ಆಗಿದ್ರ ಏಳನೂರಕ್ಕ ಮುಗಸ್ತಿದ್ದೆ."

ಒಳಗಿನಿಂದ ಶಾಂತವ್ವ, "ಮಾಡಸ್ರಿ, ಹೋಗ್ಲಿ" ಎಂದಳು. ಇದು ರೊಕ್ಕದ ಮಾತಲ್ಲ, ತತ್ವದ ಮಾತು ಎಂದು ಹೇಳಿ ನಾನು ಇಮಾಮಸಾಬನನ್ನು ಕಳಿಸಿಬಿಟ್ಟೆ. ತತ್ವದ ಮಾತು ಬಂದಾಗ ಅವಳು ಸುಮ್ಮನಾಗುತ್ತಾಳೆ. ಅದನ್ನು ಒಪ್ಪಿಗೆಯೆಂದು ತಿಳಿದು ನಾನು ನಲವತ್ತು ವರ್ಷ ಸಂಸಾರ ಮಾಡಿದ್ದೇನೆ.

ಆಮೇಲೆ ನನ್ನ ವಿಚಾರಣೆ ಶುರುವಾಯಿತು. ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರಿಗಳ ಮನೆ ಸೇರಿದ ನನ್ನ ಮಗಳಿಗೆ ಫೋನು ಮಾಡಿದೆ. ಅವಳು ಕೊಟ್ಟದ್ದು ಏಳುನೂರು. ಮುಂಡರಗಿಯ ಹಳೆಯ ಗೆಳೆಯನೊಬ್ಬ ಆರುನೂರಕ್ಕೆ ಮುಗಿಸಿದ್ದ. ಸಾಕ್ಷಿಗಳೆರಡೂ ನನ್ನ ಪರವಾಗಿದ್ದವು. "ನಮ್ಮನ್ಯಾಗ ಈಗ ರೊಟ್ಟಿ ಎಲ್ಲಿ ಬಡೀತೀವಪಾ, ಓಣ್ಯಾಗ ಮಾಡಿ ಮಾರೋರ ಕಡೆ ತರ್ತೀವಿ" ಎಂದು ಮಗಳು ಅದೇ ಮಾತಿನಲ್ಲಿ ಹೇಳಿದ್ದಳು. ಅದನ್ನು ಕೇಳಿಸಿಕೊಂಡೆ, ಆದರೆ ಸಾಕ್ಷಿಯೆಂದು ಎಣಿಸಲಿಲ್ಲ. ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುವ ವಿದ್ಯೆಯನ್ನು ನನಗೆ ಯಾವ ವಾಚನಾಲಯವೂ ಕಲಿಸಿರಲಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು.

ಸಾಕ್ಷಿಯ ನಂತರ ಪ್ರಯೋಗ. ಜಾಲರಿಯನ್ನು ನಾನೇ ಬಿಚ್ಚಿ, ಕುದಿಯುವ ನೀರಿಗೆ ಸೋಡಾ ಹಾಕಿ, ಫಳಫಳ ಹೊಳೆಯುವಂತೆ ತಿಕ್ಕಿ ಮತ್ತೆ ಕೂರಿಸಿದೆ. ಹದಿನೈದು ದಿನ ಆ ಒಲೆಯ ಮೇಲೆ ರೊಟ್ಟಿಯ ಹೊರತು ಏನನ್ನೂ ಮಾಡತಕ್ಕದ್ದಲ್ಲ ಎಂದು ಕಟ್ಟುಮಾಡಿದೆ. ಹಿಟ್ಟು ಅಷ್ಟು ದ್ರೋಹಿಯಾಗಿದ್ದರೆ ಜಾಲರಿಯ ಮೇಲೆ ಕಾಣಿಸಿಕೊಳ್ಳಲೇಬೇಕಲ್ಲವೇ? ಹೊರಗಿನ ಗಾಳಿಯಿಂದ ಪ್ರಯೋಗ ಕೆಡಬಾರದೆಂದು ಕಿಟಕಿಯನ್ನೂ ನಾನೇ ಮುಚ್ಚಿದೆ.

"ಹಂಗಾರ ರೊಟ್ಟಿ ನೀವ ಬಡೀರಿ" ಎಂದಳು ಶಾಂತವ್ವ. "ನಾ ವಹಿ ಹಿಡಕೊಂಡು ಬರಕೋತ ನಿಂದರತೀನಿ."

ನಾನು ನಕ್ಕೆ. ಅವಳೂ ನಕ್ಕಳು, ನಗು ಕೆಮ್ಮಿಗೆ ತಿರುಗಿತು. ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಜಾಲರಿಯನ್ನು ಪರೀಕ್ಷಿಸಿ, ಎಷ್ಟು ರೊಟ್ಟಿ ಬೆಂದವು, ಎಷ್ಟು ಹಿಟ್ಟು ಕಂಡಿತು ಎಂದು ಬರೆದಿಟ್ಟೆ. ಹತ್ತು ದಿನವಾದರೂ ಜಾಲರಿ ಕನ್ನಡಿಯಂತೆ ಇತ್ತು. ಇಮಾಮಸಾಬನನ್ನು ಕರೆಸಿ ಅದನ್ನು ತೋರಿಸುವ ದಿನಕ್ಕಾಗಿ ಮಾತುಗಳನ್ನು ಜೋಡಿಸುತ್ತಿದ್ದೆ.

ಹನ್ನೊಂದನೆಯ ಬೆಳಿಗ್ಗೆ ರೊಟ್ಟಿಯ ಸಪ್ಪಳ ನಡುವೆಯೇ ನಿಂತಿತು. ಒಳಗೆ ಹೋದರೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಶಾಂತವ್ವ ಎರಡೂ ಕೈಗಳಿಂದ ಕಟ್ಟೆಯನ್ನು ಹಿಡಿದು ಬಾಗಿ ನಿಂತಿದ್ದಳು. ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವಳ ತಲೆಯ ಮೇಲೆ ಚಿಮಣಿ ಮಾತ್ರ ಜೋರಾಗಿ ಗುಂಯ್ಗುಡುತ್ತಿತ್ತು. ಉಸಿರಿನ ಪಂಪು ಎಲ್ಲಿದೆಯೆಂದು ಹುಡುಕಿದ ಆ ಎರಡು ನಿಮಿಷ ಎಷ್ಟು ಉದ್ದವಿತ್ತೆಂದು ಅಳೆಯಲು ನನಗೆ ಯಾವ ಸಾಧನವೂ ತಿಳಿಯದು.

ದವಾಖಾನೆಯಲ್ಲಿ ಡಾಕ್ಟರು, "ಇಷ್ಟು ಹೊಗಿ ಹೆಂಗ ತಗಲಿತ್ರಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂತವ್ವ, ಎರಡು ಶಬ್ದಕ್ಕೊಮ್ಮೆ ನಿಂತು ಉಸಿರೆಳೆದು ಹೇಳಿದಳು: "ನಂದ ತಪ್ರಿ... ಕಿಡಕಿ ನಾನ... ಹಾಕಿದ್ದೆ." ಜೀವಮಾನವೆಲ್ಲ ಬೇರೆಯವರ ಹೇಳಿಕೆಗಳಲ್ಲಿ ಸುಳ್ಳು ಹುಡುಕಿದವನು, ಆ ಸುಳ್ಳಿನ ಮುಂದೆ ತಲೆ ತಗ್ಗಿಸಿ ಕುಳಿತೆ.

ದವಾಖಾನೆಯಿಂದ ಮರಳಿದ ಮೇಲೆ ಇಮಾಮಸಾಬನನ್ನು ಕರೆಸಿದೆ, ಅವನು ಐದನೆಯ ದಿನಕ್ಕೆ ಬಂದ. ಅಲ್ಲಿಯವರೆಗೆ ನಾವೂ ಓಣಿಯ ರೊಟ್ಟಿಯನ್ನೇ ತಿಂದೆವು. ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂಡುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಅದು ನಿಶ್ಶಕ್ತಿಯೋ ನನ್ನ ಮೇಲಿನ ಸಿಟ್ಟೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವನು ಫ್ಯಾನನ್ನು ಬಿಚ್ಚಿ ನೆಲಕ್ಕೆ ಹಾಸಿದ ಪೇಪರಿನ ಮೇಲಿಟ್ಟ. ರೆಕ್ಕೆಗಳ ನಡುವಿನ ಸಂದುಗಳೆಲ್ಲ ಕಂದು ಬಣ್ಣದ ಗಟ್ಟಿ ಹೆಪ್ಪಿನಿಂದ ಮುಚ್ಚಿಹೋಗಿದ್ದವು. ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಒಂದು ತುಣುಕು ಸಿಡಿದು ನನ್ನ ಕಾಲ ಬಳಿ ಬಿತ್ತು. ಎತ್ತಿ ನೋಡಿದೆ, ಎರಡು ವರ್ಷದ ಹಿಟ್ಟು ಪದರ ಪದರವಾಗಿ ಕಾಣುತ್ತಿತ್ತು.

"ಜಾಲರಿ ಸ್ವಚ್ಛ ಇತ್ತಲ್ಲಪಾ" ಎಂದೆ.

"ಎಳದ್ರ ಮಾಸತೈತ್ರಿ ಕಾಕಾರ. ಇದು ಎಳದೇ ಇಲ್ಲ."

ಹಾಗಾದರೆ ಆ ಹನ್ನೊಂದು ದಿನದ ಹೊಗೆಯನ್ನು ಎಳೆದುಕೊಂಡವರು ಯಾರು ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅವನು ಪಡಸಾಲೆಯ ಕಡೆ ಒಮ್ಮೆ ನೋಡಿ, ಕೆರೆಯುವುದನ್ನು ಮುಂದುವರಿಸಿದ.

ಕೆಲಸ ಮುಗಿದಾಗ ನಾನು ಹದಿನೈದು ನೂರನ್ನು ಎಣಿಸಿ ಚಾಚಿದೆ. ಅಷ್ಟರಲ್ಲಿ ಶಾಂತವ್ವ ಎದ್ದು ಬಂದು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಯಾಕಪಾ ಇಮಾಮಸಾಬ, ಹದಿನೈದು ನೂರು ಯಾಕ? ಜಾಲರಿ ಇವರ ತೊಳದಾರ, ಸೋಡಾ ನಮ್ಮದು, ಬಿಸಿನೀರು ನಮ್ಮದು, ನೀ ಹತ್ತಿದ ಏಣಿ ನಮ್ಮದು, ಎರಡು ಸಲ ಚಾ ಕುಡದಿ, ಮ್ಯಾಲ ನಮ್ಮ ಅರಬಿ ತಗೊಂಡು ಕೈ ಒರಸಿದಿ, ಇಷ್ಟೆಲ್ಲಾ ನಮ್ಮದ ಆದ ಮ್ಯಾಲ ನಿಂದೇನು ಉಳೀತು, ಹನ್ನೆರಡು ನೂರು ತಗೊ."

"ಅಮ್ಮಾರ, ಫ್ಯಾನ್ ಕೆರದದ್ದು ನಾನ ಅಲ್ರೇನು?"

ಅವಳು ಮತ್ತೆ ಶುರು ಮಾಡಿದಳು. ಮೊದಲಿನದಕ್ಕಿಂತ ಇದು ಉದ್ದವಾಗಿತ್ತು. ದರ ನ್ಯಾಯವಾದದ್ದೆಂದು ನನಗೆ ಗೊತ್ತಿತ್ತು. ಹಾಗೆಂದು ಹೇಳುವುದು ನನ್ನ ಧರ್ಮವೂ ಆಗಿತ್ತು. ಆದರೆ ಮಾತಿನ ನಡುವೆ ಅವಳು ಎಲ್ಲಿಯೂ ಉಸಿರಿಗಾಗಿ ನಿಲ್ಲುತ್ತಿಲ್ಲವೆಂಬುದು ಆಗಷ್ಟೇ ನನ್ನ ಗಮನಕ್ಕೆ ಬಂದಿತ್ತು. ಇಮಾಮಸಾಬ ಹದಿಮೂರು ನೂರಕ್ಕೆ ಇಳಿದ. ಅವಳಿಗೆ ಅದು ಸಾಕಾದಂತೆ ಕಾಣಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಇಳಿಸಿದ ರೊಕ್ಕವನ್ನು ಆಮೇಲೆ ಅವನಿಗೆ ಬಾಗಿಲ ಹೊರಗೆ ಕೊಟ್ಟರಾಯಿತು. ಈ ಚೌಕಾಸಿ ಮಾತ್ರ ಇಷ್ಟು ಬೇಗ ಮುಗಿಯಬಾರದು ಅನ್ನಿಸಿತು.