ಅಮುಕ ಎಂಬ ಜಾಗದಲ್ಲಿ

ಪೂಜೆ, ಕರ್ಮಗಳನ್ನು ಮಾಡಿಸುವ ಕ್ರಮ ಬರೆದಿಟ್ಟ ಪ್ರಯೋಗಪಾಠಗಳಲ್ಲಿ 'ಅಮುಕ' ಎಂಬ ಪದವೊಂದಿದೆ. ಇಂಥವರು, ಇಂಥದು ಎಂದು ಅದರ ಅರ್ಥ. ಸಂಕಲ್ಪವಾಗಲಿ, ಪಿಂಡದಾನವಾಗಲಿ, ಗೋತ್ರ ತಿಥಿ ಹೆಸರುಗಳು ಬರಬೇಕಾದಲ್ಲೆಲ್ಲ ಹಿಂದಿನವರು ಅದನ್ನು ಬರೆದು ಜಾಗ ಬಿಟ್ಟಿದ್ದಾರೆ. ಪುರೋಹಿತನು ಆಯಾ ಮನೆಯಲ್ಲಿ ಆಯಾ ಹೆಸರನ್ನು ಸೇರಿಸಿ ಹೇಳುತ್ತಾನೆ. ಯೌವನದಿಂದಲೂ ಇದೇ ವೃತ್ತಿಯಲ್ಲಿರುವ ನಾನು, ಇಷ್ಟು ಸಾಧುವಾದ ಪದವು ನನ್ನನ್ನು ನಡುಗಿಸೀತೆಂದು ಎಂದೂ ಎಣಿಸಿರಲಿಲ್ಲ.

ವಯಸ್ಸಾದ ಮೇಲೆ ಮಂತ್ರ ಮರೆಯದಿದ್ದರೂ ಕ್ರಮದಲ್ಲಿ ತಡವರಿಸತೊಡಗಿದೆ. ಸಾಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಒಂದು ಟ್ಯಾಬ್ ತಂದು, ಸ್ವಂತ ಟಿಪ್ಪಣಿಗಳನ್ನು ಬರೆದಿಡುವ ವಿಕಿಯೊಂದನ್ನು ಅದರಲ್ಲಿ ಹಾಕಿಕೊಟ್ಟ. ಅಲಂಕಾರವಿಲ್ಲದ, ಬರಿಯ ಅಕ್ಷರಗಳ ಪುಟಗಳು. ಪದವೊಂದನ್ನು ಚೌಕಾಕಾರದ ಕಂಸದಲ್ಲಿಟ್ಟರೆ ಅದು ಆ ಹೆಸರಿನ ಮತ್ತೊಂದು ಪುಟಕ್ಕೆ ಬಾಗಿಲಾಗುತ್ತದೆ. ಪುಣ್ಯಾಹದಿಂದ ಕಲಶಪೂಜೆಗೆ, ಅಲ್ಲಿಂದ ಹೋಮಕ್ಕೆ ಬೆರಳು ತಾಗಿಸಿ ಹೋಗಬಹುದು. ಶಿಥಿಲವಾಗಿದ್ದ ನನ್ನ ಹಾಳೆಗಳನ್ನೆಲ್ಲ ನಿಧಾನವಾಗಿ ಅದರೊಳಗೆ ಇಳಿಸಿದೆ: ದೇವೀಸ್ತೋತ್ರಗಳು, ವ್ರತಗಳು, ಹೋಮಗಳು, ಕೊನೆಗೆ ಸತ್ತವರಿಗೆ ಮಾಡುವ ಅಪರಕರ್ಮವೂ.

ಈಚೆಗೆ ಹೆಂಡತಿಯ ಹೃದಯದ ಕವಾಟ ಕೆಟ್ಟಿದೆಯೆಂದು ತಿಳಿದು, ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಅದಕ್ಕೆ ಮೊದಲು ಹೊಸನಗರದ ನಮ್ಮ ಮನೆಯಲ್ಲೇ ಅವಳಿಗಾಗಿ ಆಯುಷ್ಯಹೋಮ ಮಾಡೋಣವೆಂದು ಆ ಪುಟವನ್ನು ತೆರೆದೆ. ಗೋತ್ರ, ತಿಥಿ, ನಕ್ಷತ್ರಗಳನ್ನು ಒಂದೊಂದಾಗಿ ತುಂಬಿದೆ. ಹೆಸರಿನ ಜಾಗಗಳು ಬಹಳ ಉಳಿದವು. 'ಬದಲಿಸು' ಎಂಬಲ್ಲಿ ಅಮುಕ ಎಂದೂ ಅದರ ಕೆಳಗೆ ಅವಳ ಹೆಸರನ್ನೂ ಬರೆದು 'ಎಲ್ಲ' ಎಂಬುದನ್ನು ಒತ್ತಿದೆ. ಎಲ್ಲ ಎಂದರೆ ಆ ಪುಟದಲ್ಲಿರುವ ಎಲ್ಲ ಎಂದೇ ನಾನು ತಿಳಿದಿದ್ದೆ. ಹೋಮ ಸಾಂಗವಾಯಿತು.

ಅದಾದ ಮೇಲೆ ಕವಲೇದುರ್ಗದ ಕೆಳಗಿನ ಊರಿನಿಂದ ಕರೆ ಬಂತು. ಅಲ್ಲೊಬ್ಬ ವೃದ್ಧೆ ತೀರಿಕೊಂಡಿದ್ದರು. ದಶಾಹ ನಡೆಸಬೇಕಾದ ಪುರೋಹಿತರು ಜ್ವರದಿಂದ ಮಲಗಿದ್ದರು. ನಾನು ಹೋದೆ. ಕೆರೆಯ ದಡದಲ್ಲಿ ಟ್ಯಾಬನ್ನು ಮಣೆಯ ಮೇಲೆ ನಿಲ್ಲಿಸಿಕೊಂಡು, ಮೃತೆಯ ಮಗನಿಂದ ಪಿಂಡ ಇಡಿಸುತ್ತಿದ್ದೆ. ಗೋತ್ರವನ್ನು ಅವನ ಮುಖ ನೋಡುತ್ತಲೇ ಹೇಳಿಸಿದೆ. ಆಮೇಲೆ ದೃಷ್ಟಿ ಪುಟದ ಮೇಲೆ ಬಿತ್ತು. ಕಣ್ಣು ಕಂಡದ್ದನ್ನು ನಾಲಗೆ ನುಡಿಯಿತು. ಹೋಮದಲ್ಲಿ ಅದೇ ಹೆಸರನ್ನು ಅಷ್ಟು ಸಲ ನುಡಿದು ಪಳಗಿದ ನಾಲಗೆ. ಮಗನು ವಿಧೇಯನಾಗಿ ನನ್ನ ಹೆಂಡತಿಯ ಹೆಸರನ್ನು ಪುನರುಚ್ಚರಿಸಿದ. ಅದರ ಮುಂದಿನ ಪದ 'ಪ್ರೇತಾಯಾಃ', ತೀರಿಕೊಂಡವಳ ಎಂದು. ಅದು ನನ್ನ ತುಟಿಯವರೆಗೆ ಬಂದಿತ್ತು.

"ಭಟ್ರೇ, ಅಮ್ಮನ ಹೆಸ್ರು ಅದಲ್ಲ. ಬೇರೆಯೋರ್ ಮನೇದು ಬಂತಾ?" ಎಂದ ಮಗ.

"ಹೌದು, ಬೇರೆಯವರ ಮನೆಯದು" ಎಂದೆ. ಯಾರ ಮನೆಯದೆಂದು ಹೇಳಲಿಲ್ಲ. ಟ್ಯಾಬನ್ನು ಮುಚ್ಚಿ, ಆಚಮನ ಮಾಡಿ, ಆ ತಾಯಿಯ ಹೆಸರು ಹಿಡಿದು ಮೊದಲಿನಿಂದ ನೆನಪಿನ ಬಲದಲ್ಲೇ ಹೇಳಿಸಿದೆ. ಅಂಗೈಯ ಬೆವರಿಗೆ ದರ್ಭೆ ಅಂಟಿಕೊಂಡಿತ್ತು.

ತೀರ್ಥಹಳ್ಳಿಗೆ ಬಂದು ಮನೆಗೆ ಫೋನ್ ಮಾಡಿದೆ. ಅವಳು ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಬಸ್ಸು ಹೊರಟ ಮೇಲೆ ಸಿಗ್ನಲ್ಲೂ ಹೋಯಿತು. ವ್ಯಾಕರಣದಲ್ಲಿ ಅನುವೃತ್ತಿ ಎಂಬುದಿದೆ. ಮೇಲಿನ ಸೂತ್ರದ ಪದವೊಂದು ಕೆಳಗಿನ ಸೂತ್ರಗಳಿಗೂ ಹರಿದು ಬರುತ್ತದೆ. ಅದು ಎಲ್ಲಿಗೆ ನಿಲ್ಲುತ್ತದೆಂಬುದನ್ನು ಗುರುಗಳು ತಿಳಿಸಿಕೊಡುತ್ತಾರೆ. ನಾನು ಹರಿಯಬಿಟ್ಟ ಹೆಸರನ್ನು ನಿಲ್ಲಿಸಲು ಯಾರೂ ಇರಲಿಲ್ಲ. ಮಾತು ಪೂರ್ತಿಯಾಗಲಿಲ್ಲವಲ್ಲ, ಪೂರ್ತಿಯಾಗದ ವಾಕ್ಯಕ್ಕೆ ಫಲವಿಲ್ಲವಲ್ಲ ಎಂದು ಸಮಾಧಾನ ತಂದುಕೊಂಡೆ. ಹಾಗಾದರೆ ಅರ್ಧ ಹೇಳಿದ ಆಶೀರ್ವಾದಕ್ಕೂ ಫಲವಿಲ್ಲವೇ ಎಂದು ನನ್ನ ಬುದ್ಧಿಯೇ ಕೇಳಿತು. ಹೊಸನಗರ ಬರುವವರೆಗೆ ಮೃತ್ಯುಂಜಯ ಜಪ ಮಾಡಿದೆ. ಎಣಿಕೆ ಮಾತ್ರ ಮತ್ತೆ ಮತ್ತೆ ತಪ್ಪಿತು.

ಅವಳು ಜಗುಲಿಯಲ್ಲಿ ಕುಳಿತು ಆಸ್ಪತ್ರೆಗೆ ಒಯ್ಯುವ ಸೀರೆಗಳನ್ನು ಮಡಿಸುತ್ತಿದ್ದಳು.

"ಫೋನು ಒಳಗೆ ಚಾರ್ಜಿಗೆ ಇದ್ದು, ಕೇಳಿದ್ದೇ ಇಲ್ಲೆ. ಮುಖ ಎಂತಕ್ಕೆ ಹಂಗೆ ಮಾಡ್ಕಂಡಿದ್ರಿ?"

ಸ್ನಾನ ಮುಗಿಸಿ ಬಂದು, ಅವಳಿಗೆ ಕೇಳದಂತೆ ಹಿತ್ತಲಿಗೆ ಹೋಗಿ ಭಾವಮೈದುನನಿಗೆ ಫೋನ್ ಮಾಡಿ, ತೆರೆದ ಪುಟದಲ್ಲೆಲ್ಲ ಅಮುಕದ ಜಾಗದಲ್ಲಿ ಅವಳ ಹೆಸರೇ ಇರುವುದನ್ನು ಹೇಳಿದೆ.

"ಇಷ್ಟಕ್ಕೆಲ್ಲ ಹೆದರ್ತ್ರಾ ಭಾವ? ಅದನ್ನೇ ತಿರುಗಿಸಿ ಹಾಕಿ. ಅಕ್ಕನ ಹೆಸರು ತೆಗೆದು ಅಮುಕ ಹೇಳಿ ಬದಲಿಸಿರೆ ಆತು."

"ನಿನ್ನ ಅಕ್ಕಂಗೆ ಇಟ್ಟಿದ್ದು ದೇವಿ ಹೆಸರು ಮಾರಾಯ. ಹಂಗೆ ಮಾಡಿರೆ ಸ್ತೋತ್ರದಲ್ಲಿ ದೇವಿನೂ ಅಮುಕ ಆಗ್ತು!"

"ಹಳೇ ಪ್ರತಿ ಬೇರೆ ಕಡೆ ಇಟ್ಟಿದ್ರಾ?"

"ಇಲ್ಲೆ."

"ಹಂಗಾರೆ ಒಂದೊಂದೇ ನೋಡಿ ತಿದ್ದವು, ಬೇರೆ ದಾರಿ ಇಲ್ಲೆ. ಅದಕ್ಕೆ ದೇವಿ ಯಾರು, ಅಕ್ಕ ಯಾರು ಗೊತ್ತಾಗ್ತಿಲ್ಲೆ ಭಾವ. ಅಕ್ಷರ ಒಂದೇ ಗೊತ್ತು."

ತಿರುಗಿ ನೋಡಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಎನ್ನ ಹೆಸರು ಎಲ್ಲೆಲ್ಲಿ ಇದ್ದು, ತೋರ್ಸಿ" ಎಂದು ಕನ್ನಡಕ ತಂದು ಪಕ್ಕದಲ್ಲೇ ಕುಳಿತಳು. ಇನ್ನು ಮುಚ್ಚಿಡುವಂತಿರಲಿಲ್ಲ. ಕೆರೆಯ ದಡದಲ್ಲಿ ನಡೆದದ್ದನ್ನೂ ಹೇಳಿದೆ. ಅವಳು ಟ್ಯಾಬನ್ನು ತನ್ನತ್ತ ಎಳೆದುಕೊಂಡಳು.

"ಇದು ದೇವಿ. ಇದೂ ದೇವಿ. ಇದು ಆನು." ಅವಳು ಹೇಳಿದಂತೆ ನಾನು ತಿದ್ದುತ್ತ ಹೋದೆ. "ಗೋತ್ರಕ್ಕೂ ಎನ್ನ ಹೆಸರೇ, ತಿಥಿಗೂ ಎನ್ನ ಹೆಸರೇ! ಪಂಚಾಂಗ ಪೂರ್ತಿ ಆನೇ ಆಗಿ ಹೋದಿ." ನಗಲು ಹೋಗಿ ಅವಳಿಗೆ ಏದುಸಿರು ಬಂತು. ಆ ಉಸಿರು ಹದಕ್ಕೆ ಬರುವವರೆಗೆ ನಾನು ಪರದೆಯನ್ನು ನೋಡದೆ ಅವಳ ಕತ್ತಿನ ನರವನ್ನೇ ನೋಡುತ್ತಿದ್ದೆ.

ಕೊನೆಗೆ ಅಪರಕರ್ಮದ ಪುಟ ಬಂತು. ಸಾಲುಸಾಲಿನಲ್ಲೂ ಅವಳೇ. ಹೆಸರನ್ನು ಹಾಗೇ ಬಿಟ್ಟರೆ ಅವಳು ಪ್ರೇತ. ಅಳಿಸಿದರೆ ಅವಳನ್ನೇ ಅಳಿಸಿದಂತೆ. ನನ್ನ ಬೆರಳು ಮುಂದೆ ಹೋಗಲಿಲ್ಲ.

"ಇದಕ್ಕೆ ನಿಂಗಳ ಕೈ ಬತ್ತಿಲ್ಲೆ ಅಲ್ದಾ?" ಎಂದಳು. "ಮೊದಲು ಅಮುಕ ಬರೀರಿ, ಆಮೇಲೆ ಎನ್ನ ತೆಗೀರಿ. ಜಾಗ ಖಾಲಿ ಇಡದು ಬ್ಯಾಡ."

ಆದರೂ ನನ್ನಿಂದಾಗಲಿಲ್ಲ. ಆ ಪುಟವನ್ನು ಆದಿಯಿಂದ ಅಂತ್ಯದವರೆಗೆ ಅವಳೇ ತಿದ್ದಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಮುಖ ತಗ್ಗಿಸಿಕೊಂಡು.

ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಗಾಜಿನ ಬಾಗಿಲ ಮುಂದೆ ನಿಂತಿದ್ದೆ. ಒಳಗಿನಿಂದ ಬಂದ ನರ್ಸ್, "ಯಾರ ಕಡೆಯೋರು ಅಜ್ಜಾ? ಪೇಷೆಂಟ್ ಹೆಸ್ರು ಹೇಳಿ" ಎಂದಳು. ಕರ್ಮಗಳಲ್ಲಲ್ಲದೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವನಲ್ಲ. ಈಗ ಅದರ ಮುಂದಿನ ಪದವೂ ತಾನಾಗಿ ಹೊರಬಂದೀತೇನೋ ಎಂದು ಹಲ್ಲು ಕಚ್ಚಿಕೊಂಡೆ.

"ಜೋರಾಗ್ ಹೇಳಿ, ಕೇಳ್ಸ್ತಿಲ್ಲ."

ಹೆಸರನ್ನು ಹೇಳಿದೆ, ಅಷ್ಟನ್ನೇ ಹೇಳಿದೆ. ಅವಳು ಕೈಯಲ್ಲಿದ್ದ ಕಾಗದವನ್ನು ನೋಡಿ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಅದು ಮತ್ತೆ ತೆರೆಯುವವರೆಗೆ ಒಂದು ಮಂತ್ರವೂ ನನ್ನ ನೆನಪಿಗೆ ಬರಲಿಲ್ಲ.

"ಅವ್ರಿಗೆ ಎಚ್ಚರ ಆಗಿದೆ ಅಜ್ಜಾ. ನೀರು ಬೇಕು ಅಂತ ಜಗಳ ಆಡ್ತಿದಾರೆ. ಈಗ್ಲೇ ಕೊಡಂಗಿಲ್ಲ, ನೀವಾದ್ರೂ ಬಂದು ಹೇಳಿ."