ನಾನು ಓದಿ ಹೇಳಿದ ರಜದ ಪಟ್ಟಿ

ನಾನು ಸುಳ್ಳು ಓದಿದೆ. ಬಾಯಿಮಾತಿನ ಸುಳ್ಳಲ್ಲ, ಅದನ್ನು ಹೇಳದವರು ಯಾರಿದ್ದಾರೆ — ಕಾಗದವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಇಲ್ಲದ್ದನ್ನು ಇದೆ ಎಂದು, ಅಕ್ಷರ ಬಾರದ ಮೂವತ್ತೆಂಟು ಹೆಂಗಸರ ಎದುರು ಗಟ್ಟಿಯಾಗಿ ಓದಿದೆ. ಆಮೇಲೆ ಅದರ ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿದೆ. ಹತ್ತು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ.

ಹೇಳಿದರೆ ಜನ ಏನನ್ನುತ್ತಾರೆಂದು ಗೊತ್ತು. ಪಾಪ, ಹೊಟ್ಟೆಪಾಡು, ಏನು ಮಾಡುತ್ತಾಳೆ ಎನ್ನುತ್ತಾರೆ. ಆ ಮಾತು ನನಗೆ ಬೇಡ. ಆ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದವರೆಲ್ಲ ಹೊಟ್ಟೆಪಾಡಿಗೇ ಬಂದವರು. ಸುಳ್ಳು ಓದಿದವಳು ನಾನೊಬ್ಬಳೇ.

ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವ ರಸ್ತೆಯ ಪಕ್ಕದ ನಾರಿನ ಫ್ಯಾಕ್ಟರಿ ಅದು. ತೊಟ್ಟಿಯಲ್ಲಿ ನೆನೆದ ತೆಂಗಿನ ಮಟ್ಟೆಯನ್ನು ಮೆಷಿನ್ನಿಗೆ ಕೊಟ್ಟು, ಬಂದ ನಾರನ್ನು ಬಿಡಿಸಿ ಒಣಹಾಕುವುದು ನಮ್ಮ ಕೆಲಸ. ನಾನು ಸೇರಿದ ಹೊಸದರಲ್ಲಿ ಬೆರಳು ಬಿರಿದು ರಕ್ತ ಬಂದಾಗ ಸೆರಗಿನ ಅಂಚು ಹರಿದು ಸುತ್ತಿದವಳು ನಂಜಕ್ಕ. ಹೆಂಗಸರಲ್ಲಿ ಓದು ಬರುತ್ತಿದ್ದದ್ದು ನನಗೆ ಮಾತ್ರ, ಅದೂ ಒಂಬತ್ತನೇ ತರಗತಿವರೆಗೆ. ಬಂದ ಕಾಗದ, ಡಾಕ್ಟರ ಚೀಟಿ, ಬಸ್ಸಿನ ಬೋರ್ಡು, ಎಲ್ಲವನ್ನೂ ನಾನೇ ಓದಿ ಹೇಳಬೇಕಿತ್ತು. ಅದರ ಜಂಬ ನನಗಿತ್ತು — ಇತ್ತು, ಮುಚ್ಚಿಟ್ಟು ಏನು ಮಾಡಲಿ.

ತುರ್ತುಪರಿಸ್ಥಿತಿ ಮುಗಿದ ಮೇಲಿನ ವರ್ಷ. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರರಂಥ ದಿನಗಳಲ್ಲದೆ ಐದು ಹಬ್ಬಕ್ಕೂ ಸಂಬಳದ ರಜ ಕೊಡಬೇಕು, ಯಾವ ಹಬ್ಬ ಎಂದು ಕೆಲಸದವರನ್ನು ಕೇಳಿ ಪಟ್ಟಿ ಮಾಡಬೇಕು, ಒಂದು ಪ್ರತಿಯನ್ನು ಲೇಬರ್ ಆಫೀಸಿಗೆ ಕಳಿಸಿ ಇನ್ನೊಂದನ್ನು ಬೋರ್ಡಿಗೆ ಹಾಕಬೇಕು — ಕಾನೂನು ಹಾಗಿತ್ತು. ಮುಂದಿನ ವರ್ಷದ ಪಟ್ಟಿ ಮಾಡಲು ಸಾಹುಕಾರರು ನನಗೆ ಹೇಳಿದರು.

ಚರ್ಚೆ ಎರಡು ದಿನ ನಡೆಯಿತು. ಯುಗಾದಿಗಿಂತ ಮಾರನೇ ದಿನದ ವರ್ಷತೊಡಕೇ ಬೇಕು ಎಂದರು ಕೆಲವರು. ಆ ದಿನ ದುಡಿದರೆ ವರ್ಷವೆಲ್ಲ ದುಡಿಮೆಯೇ ಗತಿ ಎಂಬ ನಂಬಿಕೆ. “ರಜ ತಗೊಂಡ್ರೂ ವರ್ಸಾನೆಲ್ಲ ಮಟ್ಟೆ ಎತ್ತದು ತಪ್ಪೀತೇನ್ರೇ?” ಎಂದು ನಂಜಕ್ಕ ಎಲ್ಲರನ್ನೂ ನಗಿಸಿದಳು. ಅವಳು ಹಟ ಹಿಡಿದದ್ದು ಗೌರಿ ಹಬ್ಬಕ್ಕೆ. ಮಗಳನ್ನು ಮಾಯಸಂದ್ರಕ್ಕೆ ಕೊಟ್ಟಿತ್ತು. ಗಂಡ ಲಕ್ವ ಹೊಡೆದು ಮಲಗಿದ್ದ, ಗಂಡುಮಕ್ಕಳು ಇನ್ನೂ ಚಿಕ್ಕವರು. ಕರೆಯಲು ಹೋಗುವವರಿಲ್ಲದೆ ಮೂರು ವರ್ಷದಿಂದ ಆ ಹೆಣ್ಣು ಹಬ್ಬಕ್ಕೆ ತವರಿಗೆ ಬಂದಿರಲಿಲ್ಲ, ಅತ್ತೆಮನೆಯಲ್ಲಿ ಚುಚ್ಚುಮಾತು ತಪ್ಪಿರಲಿಲ್ಲ. ಕೊನೆಗೆ ಎಲ್ಲರೂ ಗೌರಿಗೆ ಒಪ್ಪಿದರು.

ಪಟ್ಟಿ ನೋಡಿ ಸಾಹುಕಾರರು ನಕ್ಕರು. “ಗೌರಿಗೆ ಅಂತ ಹೋದೋರು ಗಣೇಶನ್ನ ನೀರಿಗೆ ಬುಟ್ಟ ಮೇಲೇ ಬರೋದು. ಅದನ್ನ ತೆಗೆದು ಶಿವರಾತ್ರಿ ಹಾಕಮ್ಮ.” ಬರುವ ವರ್ಷದ ಶಿವರಾತ್ರಿ ನಮ್ಮ ವಾರದ ರಜದ ದಿನವೇ ಬೀಳುತ್ತಿತ್ತು. “ಅವ್ರಿಗೆ ನೀನೇ ಹೇಗೋ ಹೇಳ್ಕೊ. ಬರೋ ತಿಂಗಳಿಂದ ನೀನು ಸೂಪರ್‌ವೈಸರ್.”

ಅವರು ಹೆದರಿಸಲಿಲ್ಲ. ಹೆದರಿಸಿದ್ದರೆ ಈಗ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ನನಗೆ ಆ ಕುರ್ಚಿ ಬೇಕಾಗಿತ್ತು, ಕೊಳೆತ ಮಟ್ಟೆಯ ವಾಸನೆ ಇಲ್ಲದ ಕೈ ಬೇಕಾಗಿತ್ತು. ಬೇರೆ ಕಾರಣವಿಲ್ಲ. ಬೇರೆ ಕಾರಣವನ್ನು ನಾನು ಹುಡುಕುವುದೂ ಇಲ್ಲ.

ಮಾರನೇ ದಿನ ಊಟದ ಹೊತ್ತಿನಲ್ಲಿ ಪಟ್ಟಿ ಓದಿದೆ. ಕಣ್ಣು ಶಿವರಾತ್ರಿಯ ಮೇಲೆ, ಬಾಯಲ್ಲಿ ಗೌರಿ ಹಬ್ಬ. ಎಲ್ಲರಿಗಿಂತ ಮೊದಲು ನಂಜಕ್ಕ ಎದ್ದು ಬಂದಳು. “ಗೌರಿ ಎಲ್ಲೈತೆ, ತೋರ್ಸವ್ವ,” ಎಂದಳು. ನಾನು — ಇದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ — ಬೆರಳಿಟ್ಟು ತೋರಿಸಿದೆ. ಅವಳು ಆ ಅಕ್ಷರಗಳನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಗೌರಿ ಹಬ್ಬ ಬಂತು. ನಾಳೆ ಕೆಲಸ ಇದೆ ಎಂದು ಹಿಂದಿನ ಸಂಜೆ ಸಾಹುಕಾರರು ಹೇಳಿಸಿದರು. ಬಹಳ ಜನ ಗೊಣಗುತ್ತ ಬಂದರು, ಏಳು ಜನ ಬರಲಿಲ್ಲ. ಪಟ್ಟಿಯಲ್ಲಿರುವ ರಜವನ್ನು ಯಾರು ಕಿತ್ತುಕೊಳ್ಳುತ್ತಾರೆ ಎಂದು ನಂಜಕ್ಕ ಧೈರ್ಯವಾಗಿ ಮಾಯಸಂದ್ರಕ್ಕೆ ಹೋಗಿ ಮಗಳನ್ನು ಕರೆತಂದಿದ್ದಳು. ಆ ಏಳು ಜನ ಕೆಲಸಕ್ಕೆ ಬಂದಾಗ ಅವರಿಗೆ ಗೇಟು ತೆರೆಯಲಿಲ್ಲ. ಆರು ಜನ ತಪ್ಪಾಯಿತೆಂದು ಕೈಮುಗಿದು ಒಳಗೆ ಬಂದರು. “ನಮ್ ರಜ ನಾವ್ ತಗೊಂಡ್ರೆ ತಪ್ಪೆಂಗಾಯ್ತದೆ?” ಎಂದು ನಂಜಕ್ಕ ನಿಂತೇ ಇದ್ದಳು. ನಡೆದೇ ಲೇಬರ್ ಆಫೀಸಿಗೆ ಹೋಗಿ ದೂರು ಕೊಟ್ಟಳು.

ಇನ್ಸ್‌ಪೆಕ್ಟರು ಬಂದರು. ಬೋರ್ಡಿನ ಪಟ್ಟಿ ಓದಿ, ಇದರಲ್ಲಿ ಗೌರಿ ಇಲ್ಲವಲ್ಲಮ್ಮ ಎಂದರು. ನಂಜಕ್ಕನಿಗೆ ಗಾಬರಿಯಾಗಲಿಲ್ಲ. “ನಮ್ ಜಯಮ್ಮ ಓದಿದ್ಲು ಸ್ವಾಮಿ, ಅವಳನ್ನೇ ಕೇಳಿ,” ಎಂದಳು. ನನ್ನ ಮೇಲೆ ಅಷ್ಟು ನಂಬಿಕೆ.

“ಬರೆದಿರೋದನ್ನೇ ಓದಿದೆ ಸ್ವಾಮಿ,” ಎಂದೆ.

ಉಳಿದವರನ್ನು ಕೇಳಿದಾಗ ನನ್ನ ಮುಖ, ಸಾಹುಕಾರರ ಮುಖ ನೋಡಿ, ನೆಪ್ಪಿಲ್ಲ ಎಂದರು. ಅವರನ್ನು ನಾನು ದೂರುವುದಿಲ್ಲ. ಆಗ ನಂಜಕ್ಕ, “ಅಂಗಾರೆ ನನ್ ಕಿವೀಗೇ ಏನೋ ಆಗೈತೆ ಬುಡಿ,” ಎಂದಳು. ವ್ಯಂಗ್ಯವಾಗಿ ಅಂದಿದ್ದರೆ ಇಷ್ಟು ಸುಡುತ್ತಿರಲಿಲ್ಲ. ನಿಜವಾಗಿಯೇ ಅಂದಳು. ತನ್ನ ಕಿವಿಯನ್ನು ಅನುಮಾನಿಸಿದಳು, ನನ್ನನ್ನಲ್ಲ.

ಅವಳ ಕೆಲಸ ಹೋಯಿತು. ತೋಟಗಳಲ್ಲಿ ಕಾಯಿ ಹೊರುವ ಕೂಲಿಗೆ ಹೋಗತೊಡಗಿದಳು. ತನ್ನನ್ನು ಕರೆಯಲು ಬಂದು ಅವ್ವ ಕೆಲಸ ಕಳೆದುಕೊಂಡಳೆಂದು ಮಗಳು ಮತ್ತೆ ಗೌರಿಗೆ ಬರಲೇ ಇಲ್ಲವಂತೆ. ಒಂದು ದಿನದ ರಜ ಅಷ್ಟೇ ಎಂದುಕೊಂಡು ನಾನು ತೆಗೆದದ್ದು ಎಷ್ಟು ವರ್ಷದ ಹಬ್ಬ... ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಫ್ಯಾಕ್ಟರಿಯಲ್ಲಿ ಅವಳ ಹೆಸರು ಕಿವುಡಿ ನಂಜಿ ಎಂದಾಯಿತು. ನನ್ನೆದುರೇ ಹಾಗಂದು ನಗುತ್ತಿದ್ದರು. ಕುರ್ಚಿಯಲ್ಲಿ ಕೂತು ನಾನೂ ನಕ್ಕಿದ್ದೇನೆ.

ಈಗ ಫ್ಯಾಕ್ಟರಿ ಸಾಹುಕಾರರ ಮಗನ ಕೈಯಲ್ಲಿದೆ. ಹೋದ ವಾರ ಕರೆದು, ರಜದ ಪಟ್ಟಿಗೆ ಹಳೆಯದನ್ನೇ ನಕಲು ಮಾಡಿ ಹೆಬ್ಬೆಟ್ಟು ಹಾಕಿಸಿ ಎಂದರು. ಆಗುವುದಿಲ್ಲ ಎಂದೆ. ಹೆಂಗಸರು ಹೇಳಿದ್ದನ್ನೇ ಬರೆಯುತ್ತೇನೆ, ಹಳೆಯ ಪಟ್ಟಿಯ ಕಥೆಯನ್ನೂ ಲೇಬರ್ ಆಫೀಸಿಗೆ ಬರೆದು ಸಹಿ ಹಾಕುತ್ತೇನೆ ಎಂದೆ. ಅವರಿಗೆ ನಗು ಬಂತು.

“ಅದನ್ನೆಲ್ಲ ಕೆದಕಿದ್ರೆ ಮರ್ಯಾದೆ ಹೋಗೋದು ನಿಮ್ದೇ ಜಯಮ್ಮ.”

“ಓಗ್ಲಿ ಬುಡಿ ಸ್ವಾಮಿ. ಆ ಮರ್ಯಾದೆ ನಂದಲ್ಲ.”

ಕೆಲಸದಿಂದ ತೆಗೆಯುತ್ತಾರೋ ಏನೋ. ತೆಗೆಯಲಿ. ಮತ್ತೆ ಮಟ್ಟೆ ಎತ್ತಲು ಈ ಕೈಗಳಿಗೆ ಇನ್ನೂ ಶಕ್ತಿಯಿದೆ. ನಂಜಮ್ಮ ಕೇಳಿಸಿಕೊಂಡದ್ದು ಸರಿ, ನಾನು ಓದಿದ್ದು ಸುಳ್ಳು ಎಂದು ಆಫೀಸಿಗೆ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಯಾಯಿತು.

ಆ ಕಾಗದದ ಇನ್ನೊಂದು ಪ್ರತಿ ನಂಜಕ್ಕನಿಗೆ. ಅವಳಿಗೆ ಈಗಲೂ ಓದಲು ಬರುವುದಿಲ್ಲ. ನಾನು ಓದಿ ಹೇಳುವುದಿಲ್ಲ. ನನ್ನ ಬಾಯಿಂದ ಬಂದ ಅಕ್ಷರವನ್ನು ಇನ್ನೊಮ್ಮೆ ನಂಬಬೇಕಾದ ಕರ್ಮ ಅವಳಿಗೆ ಯಾಕೆ. ಅವಳ ಬೀದಿಯ ಮೇಷ್ಟ್ರನ್ನು ಕೇಳಿಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಅವಳ ಜಗಲಿಯ ಮೇಲೆ, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ, ಇದ್ದದ್ದು ಇದ್ದ ಹಾಗೆ ಅವರು ಓದುತ್ತಾರೆ. ನಾನು ಅಂಗಳದಲ್ಲಿ ನಿಂತಿರುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ, ಹೊರಡು ಎಂದರೆ ಹೊರಡುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಜೀವಮಾನವಿಡೀ ದುಡಿದವಳು ಅವಳು. ನನ್ನನ್ನು ಹಗುರ ಮಾಡುವ ಕೆಲಸವನ್ನೂ ಅವಳ ತಲೆಗೆ ಕಟ್ಟುವುದಿಲ್ಲ.