ಶ್ರಾವಣ ಸೋಮವಾರದ ಮೌನ

ಕುರುಗೋಡಿನ ಚನ್ನವೀರಮ್ಮನ ಕಿವಿಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲಿನಂತೆ. ಮತ್ತೆ ಮೇಲೆ ಬರುತ್ತಿರಲಿಲ್ಲ. ಅದಕ್ಕೇ ಓಣಿಯ ಹೆಂಗಸರು ಅವಳ ಕಟ್ಟೆಗೆ ಬಂದು ಎದೆ ಹಗುರ ಮಾಡಿಕೊಂಡು ಹೋಗುತ್ತಿದ್ದರು. ಪಕ್ಕದ ಮನೆಯ ಕೊಟ್ರಬಸಮ್ಮನ ಮಗಳು ಪಾರಮ್ಮನಂತೂ ಶೇಂಗಾ ಸುಲಿಯುತ್ತ ಕೂತರೆ ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ.

“ಅತ್ತೀ, ಬರೇ ಹ್ಞೂಂ ಅಂತೀಯಲ್ಲ, ಕೇಳಾಕತ್ತೀಯೋ ನಿದ್ದಿ ಮಾಡಾಕತ್ತೀಯೋ?”

“ನಿನ್ನ ಗಿರಣಿ ನಿಂತರ ನನಗ ನಿದ್ದಿ ಬರತೈತಿ. ಮಾತಾಡು ಹುಚ್ಚಿ.”

ಗಂಡನ ಕೆಮ್ಮು ವಾಸಿಯಾಗಲೆಂದು ಚನ್ನವೀರಮ್ಮ ಹರಕೆ ಹೊತ್ತಿದ್ದಳು. ಶ್ರಾವಣ ಸೋಮವಾರ ಮೌನ; ಸಂಜೆ ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿದ ಮೇಲೆಯೇ ಬಾಯಿ ಬಿಡುವುದು. ಅರವತ್ತೆಂಟನೇ ಇಸವಿಯ ಅಂಥದೊಂದು ಸೋಮವಾರ ಸಿರುಗುಪ್ಪದ ತಿಪ್ಪೇರುದ್ರಪ್ಪ ತಂಗಿ ಹಂಪಕ್ಕನೊಂದಿಗೆ ಬಂದು, ಮಗನಿಗಾಗಿ ಪಾರಮ್ಮನನ್ನು ನೋಡಿ ಒಪ್ಪಿದ. ಇನ್ನು ನೆರೆಮನೆಯಲ್ಲಿ ವಿಚಾರಿಸುವ ಪದ್ಧತಿಯೊಂದು ಉಳಿದಿತ್ತು. ಇಬ್ಬರೂ ಚನ್ನವೀರಮ್ಮನ ಬಾಗಿಲಿಗೆ ಬಂದರು.

“ಹುಡುಗಿ ನಡತಿ ಹೆಂಗರೀ, ತಾಯಿ?”

ಬಂಗಾರದಂಥ ಹುಡುಗಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಒಳಗೆ ಗಂಡ ಕೆಮ್ಮಿದ. ಚನ್ನವೀರಮ್ಮ ತುಟಿಯ ಮೇಲೆ ಬೆರಳಿಟ್ಟು, ಗುಡಿಯ ಕಡೆ ಕೈ ತೋರಿಸಿ, ಮುಗಿದಳು.

ಹಂಪಕ್ಕ ಅಣ್ಣನ ಮುಖ ನೋಡಿದಳು. “ತಿಳೀತೇನಣ್ಣ? ಹೇಳಬಾರದ್ದು ಏನೋ ಐತಿ. ದೇವರೇ ಗತಿ ಅಂತ ಕೈ ಮಾಡ್ಯಾಳ. ನಡಿ, ಬಸ್ಸಿಗೆ ಹೊತ್ತಾತು.”

ಚನ್ನವೀರಮ್ಮ ಓಣಿಯ ತುದಿಯವರೆಗೆ ಓಡಿದಳು, ಕೈ ಬೀಸಿದಳು. ಕೂಗಿ ಕರೆಯಲು ಧೈರ್ಯ ಬರಲಿಲ್ಲ.

ಮರುದಿನ ಅವಳೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದಳು. “ನಿನ್ನೆ ಮೌನ ಇತ್ರಿ. ಹುಡುಗಿ ಅಪ್ಪಟ ಬಂಗಾರ.”

ತಿಪ್ಪೇರುದ್ರಪ್ಪ ಮಜ್ಜಿಗೆ ತರಿಸಿಕೊಟ್ಟು ಮೆಲ್ಲಗೆ ನಕ್ಕ. “ಹುಡುಗಿ ಮನಿಯವರು ಕಳಿಸ್ಯಾರ, ನೀವು ಬಂದೀರಿ. ನಿನ್ನೆ ಬರದ ಮಾತು ಇವತ್ತು ಬಂತೇನ್ರಿ?”

ಸಿರುಗುಪ್ಪದವರು ಬಿಟ್ಟ ಹುಡುಗಿ ಎಂದು ಬೇರೆ ಗಂಡು ಬರಲಿಲ್ಲ; ಮರುವರ್ಷ ಪಾರಮ್ಮನನ್ನು ತೆಕ್ಕಲಕೋಟೆಯಲ್ಲಿ, ಹೆಂಡತಿ ಸತ್ತ ಗಂಡಸಿಗೆ ಎರಡನೇ ಸಂಬಂಧ ಕೊಟ್ಟರು. “ಒಂದು ಮಾತು ಆಡಿದ್ರ ನಿನ್ನ ಶಿವ ಮೂರನೇ ಕಣ್ಣು ತೆಗೀತಿದ್ನೇನವ್ವಾ?” ಎಂದು ಕೊಟ್ರಬಸಮ್ಮ ಚನ್ನವೀರಮ್ಮನನ್ನು ಕೇಳಿದಳು.

ಗಂಡನ ಕೆಮ್ಮು ವಾಸಿಯಾಯಿತು. ಅವಳು ಮತ್ತೆಂದೂ ಮೌನ ಹಿಡಿಯಲಿಲ್ಲ. ಪಾರಮ್ಮ ತವರಿಗೆ ಬಂದಳೆಂದು ತಿಳಿದರೆ ಸಾಕು, ಶೇಂಗಾ ಮೊರ ಹಿಡಿದು ಕಟ್ಟೆಯ ಮೇಲೆ ಕೂರುವಳು.

“ಹೆಂಗದೀಯವ್ವಾ?”

“ಚಲೋ ಅದೀನಿ, ಅತ್ತಿ.”

“ಬಾ, ಕುಂದ್ರು. ಏನರ ಹೇಳು.”

“ಹೇಳಾಕ ಏನೈತಿ?” ಎಂದು ಪಾರಮ್ಮ ಸೆರಗು ಸರಿಪಡಿಸಿಕೊಂಡು ತಾಯಿಯ ಮನೆಯೊಳಗೆ ಹೋಗುತ್ತಿದ್ದಳು. ಕಟ್ಟೆಯ ಮೇಲೆ ಶೇಂಗಾ ಒಡೆಯುವ ಸದ್ದಷ್ಟೇ ಕೇಳುತ್ತಿತ್ತು.